ಪುಕ್ಕಟೆ ಸಮುದ್ರಯಾನ

ಯಾತ್ರೆಯೆಂದರೆ ವೆಚ್ಚ ಎಂಬದು ನಮ್ಮ ಹಿರಿಯರು ಚೆನ್ನಾಗಿ ಅರಿತ ಮಾತು. ಕಾಶಿಗೆ ಹೊರಟವನು ಮೊದಲು ಸಾಲಸೋಲಗಳನ್ನು ತೀರಿಸಿ, ಹೊಲಮನೆಗಳ ವ್ಯವಸ್ಥೆ ಮಾಡಿ, ಬುತ್ತಿ ಕಟ್ಟಿಕೊಂಡು, ಬಂಧುಬಳಗದವರ ಅಪ್ಪಣೆ ಪಡೆದು ಊರು ಬಿಡುತ್ತಿದ್ದನು. ಈಗಿನ ಕಾಲದಲ್ಲಿ ಇದಕ್ಕೆ ತೀರ ವಿಪರೀತವಾದ ಒಂದು ಬಗೆಯ ಯಾತ್ರೆಯು ಹುಟ್ಟಿಕೊಂಡಿದೆ. ಇದರಲ್ಲಿ ಹಡಗಿನ ಕೋಣೆಯು ಪುಕ್ಕಟೆ, ಊಟ ಉಪಚಾರಗಳೂ ಪುಕ್ಕಟೆ. ಪ್ರವಾಸಿಯು ಮಾಡಬೇಕಾದುದು ಇಷ್ಟೆ: ಹಡಗಿನೊಳಗಿನ ಕ್ಯಾಸಿನೊ ಎಂಬ ದ್ಯೂತಶಾಲೆಯಲ್ಲಿ ಕುಳಿತು ಜೂಜಾಡುವದು. ಹೆಚ್ಚು ಆಡಿದವನಿಗೆ ಮುಂದಿನ ಯಾನಕ್ಕೆ ಟಿಕೀಟಿನಲ್ಲಿ ರಿಯಾಯತಿ; ಇನ್ನೂ ಹೆಚ್ಚು ಆಡಿದವನಿಗೆ ಟಿಕೀಟೇ ಇಲ್ಲ. ಇಂಥದೊಂದು ಕರೆಯ ಓಲೆಯು ನಮ್ಮ ಆಲಮೇಲಕ್ಕೂ ಬಂದಿತು. ಅದರ ನಿಜವಾದ ಬೆಲೆಯೇನೆಂಬದನ್ನು ತಿಳಿಯಲು ನಾವು ಕೈಕೊಂಡ ಪ್ರವಾಸದ ವೃತ್ತಾಂತವನ್ನೂ ಅದರ ಲೆಕ್ಕವನ್ನೂ ಸುಜ್ಞ ವಾಚಕರ ಮುಂದೆ ಇಡುತ್ತೇವೆ.

ಆಲಮೇಲವು ವಿಜಯಪುರ ಜಿಲ್ಲೆಯಲ್ಲಿ, ಸಿಂದಗಿಯ ಬಡಗಣಕ್ಕೆ, ಭೀಮಾನದಿಯ ಸೀಮೆಯಲ್ಲಿರುವ ಊರು. ಕರಿಯ ಎರೆಯ ನೆಲ, ಬಿಳಿಜೋಳದ ನಾಡು. ನೀರು ಒದಗಿದ ಕಡೆಗೆಲ್ಲ ಈಗ ಕಬ್ಬು ಬಂದಿದೆ, ಅದನ್ನು ನುರಿಸಲು ಸಕ್ಕರೆಯ ಕಾರಖಾನೆಯೂ ಬಂದಿದೆ. ಸಮುದ್ರವಾದರೋ ಇಲ್ಲಿಂದ ಮುನ್ನೂರು ಕಿಲೋಮೀಟರಿಗಿಂತಲೂ ದೂರ. ಹೀಗಿದ್ದೂ ಸಮುದ್ರಯಾನದ ಕರೆಯು ಇಲ್ಲಿಗೆ ಬಂದ ಬಗೆಯನ್ನು ಹೇಳಬೇಕು. ಗೊಬ್ಬರ, ಬೀಜ, ಔಷಧಿಗಳನ್ನು ತಯಾರಿಸುವ ಕಂಪನಿಗಳು ಹೆಚ್ಚು ಮಾಲು ಮಾರಿದ ಅಂಗಡಿಕಾರರನ್ನು ಪರದೇಶದ ಪ್ರವಾಸಕ್ಕೆ ಕರೆದೊಯ್ಯುವದು ಈಗ ವಾಡಿಕೆಯಾಗಿದೆ. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಇಂಥ ಅಂಗಡಿಯನ್ನಿಟ್ಟಿದ್ದಾನೆ. ಅವನು ಹೀಗೆಯೇ ಸಿಂಗಾಪುರಕ್ಕೆ ಹೋಗಿ, ಅಲ್ಲಿಂದ ಮೂರು ರಾತ್ರಿಗಳ ಸಮುದ್ರಯಾನವನ್ನೂ ಮಾಡಿ ಬಂದನು. ಬಂದ ಕೆಲವು ವಾರಗಳಲ್ಲಿ ಹಡಗಿನವರಿಂದ ಅವನ ಫೋನಿಗೆ ಒಂದು ಓಲೆ ಬಂದಿತು. “ತಾವು ನಮ್ಮ ಮಾನ್ಯ ಅತಿಥಿಗಳು. ಮುಂದಿನ ಯಾನದಲ್ಲಿ ತಮಗೂ ತಮ್ಮ ಜೊತೆಯವರೊಬ್ಬರಿಗೂ ಕೋಣೆಯು ಉಚಿತ” ಎಂಬದು ಅದರ ಸಾರಾಂಶ. ಕೊನೆಗೆ ಒಂದು ತಾರೀಖು, ಅಷ್ಟರೊಳಗೆ ಹೊರಡಬೇಕು.

ಅವನು ಆನಂದದಿಂದ ಅದನ್ನು ಊರಿಗೆಲ್ಲ ತೋರಿಸಿದನು. ಅವನ ಧರ್ಮಪತ್ನಿಗೆ ಮಾತ್ರ ಸಮಾಧಾನವಾಗಲಿಲ್ಲ. ಒಂದು ದಿನ ಆ ತಾಯಿ ನಮ್ಮ ಮನೆಗೇ ಬಂದು, “ಮಾಸ್ತರ್ರ, ಪುಕ್ಕಟೆ ಕರದಾರಂತ ಹೊಂಟು ನಿಂತಾರ್ರಿ. ಗುರುತಿಲ್ಲದವರು ಪುಕ್ಕಟೆ ಯಾಕ ಕರೀತಾರ್ರಿ? ನೀವರೆ ತಿಳದು ಒಂದು ಮಾತು ಹೇಳ್ರಿ” ಎಂದಳು. ಅವಳ ಅಂಜಿಕೆಗೆ ಕಾರಣವಿತ್ತು. ಗೊಬ್ಬರವನ್ನು ಉದ್ರಿ ಒಯ್ದ ರೈತರು ಕಬ್ಬಿನ ಬಿಲ್ಲು ಬಂದಾಗ ಹಣ ಕೊಡುತ್ತಾರೆ. ಆ ಹಣದ ಬಹುಭಾಗವನ್ನು ಅಂಗಡಿಕಾರನು ಕಂಪನಿಗೆ ಕಟ್ಟಬೇಕು. ಓಲೆಯ ತಾರೀಖು ಬಿದ್ದುದು ಸರಿಯಾಗಿ ಗಲ್ಲೆಯು ತುಂಬಿರುವ ತಿಂಗಳಲ್ಲಿ. ಗಲ್ಲೆಯಲ್ಲಿದ್ದ ಹಣವೆಲ್ಲ ತನ್ನದಲ್ಲವೆಂಬದು ಅವನಿಗೆ ಗೊತ್ತಿದ್ದರೂ ಅದು ಕೈಯಲ್ಲಂತೂ ಇರುತ್ತದೆ.

ದೂರದ ಕಡಲಿಗೆ ಹೋಗುವ ಮೊದಲು ಹತ್ತಿರದ ಹೊಳೆಯನ್ನು ನೋಡಿ ಬರೋಣವೆಂದು ನಾವು ಅವನಿಗೆ ಹೇಳಿದೆವು. ಪಣಜಿಯಲ್ಲಿ ಮಾಂಡವೀ ನದಿಯ ಮೇಲೆ ದ್ಯೂತನೌಕೆಗಳಿರುವದು ನಮ್ಮ ಕಡೆಯವರಿಗೆಲ್ಲ ತಿಳಿದ ಸಂಗತಿ. ಅವನಿಗೆ ಬೆಳಗಾವಿಯಲ್ಲಿ ವ್ಯಾಪಾರದ ಕೆಲಸವೂ ಇತ್ತು. “ಆಗಲಿ ಮಾಸ್ತರ್ರ, ನಾ ಆಡೂದಿಲ್ಲ, ಬರೇ ತೋರಸ್ತೀನಿ” ಎಂದು ಒಪ್ಪಿದನು.

ಆಲಮೇಲದಿಂದ ಸಿಂದಗಿ, ಸಿಂದಗಿಯಿಂದ ವಿಜಯಪುರ, ಅಲ್ಲಿಂದ ಬೆಳಗಾವಿ. ಬೆಳಗಾವಿಯಲ್ಲಿ ಒಂದು ರಾತ್ರಿ ತಂಗಿ, ಮರುದಿನ ಚೋರ್ಲಾ ಘಟ್ಟವನ್ನಿಳಿದು ಪಣಜಿಯನ್ನು ಸೇರಿದೆವು. ಹರಿದಾರಿಗಟ್ಟಲೆ ಮರವಿಲ್ಲದ ಎರೆಯ ಬಯಲನ್ನೇ ಕಂಡ ಕಣ್ಣಿಗೆ ಆ ಘಟ್ಟದ ಹಸುರು ಒಂದು ಹಬ್ಬ. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನಲ್ಲಿ ಹುಟ್ಟುವ ಮಹಾದಾಯಿಯೇ ಗೋವೆಯಲ್ಲಿ ಮಾಂಡವಿಯೆನಿಸಿಕೊಂಡು ಪಣಜಿಯ ಮುಂದೆ ಕಡಲನ್ನು ಕೂಡುವದು. ಆ ನದಿಯ ದಡದಲ್ಲಿ ವಿಜಯಪುರದವರು ಅವಶ್ಯವಾಗಿ ನೋಡತಕ್ಕ ಕಟ್ಟಡವೊಂದಿದೆ. ಅದು ಆದಿಲಶಾಹನ ಅರಮನೆ. ನಮ್ಮ ಆದಿಲಶಾಹೀ ದೊರೆಗಳ ರಾಜ್ಯವು ಒಮ್ಮೆ ಇಲ್ಲಿಯ ವರೆಗೆ ಹಬ್ಬಿತ್ತು. 1510ರಲ್ಲಿ ಪೋರ್ತುಗೀಜರ ಅಲ್ಬುಕರ್ಕನು ಗೋವೆಯನ್ನು ಅವರಿಂದ ಕಸಿದುಕೊಂಡನು. ಆ ಮೇಲೆ ಆ ಅರಮನೆಯು ಪರಕೀಯರ ಆಡಳಿತಕ್ಕೂ, ಅನಂತರ 2000ನೆಯ ಇಸವಿಯ ವರೆಗೆ ಗೋವೆಯ ವಿಧಾನಸಭೆಗೂ ನೆಲೆಯಾಗಿದ್ದಿತು. ಅದರ ಮುಂದಿನ ದಂಡೆಯಲ್ಲಿ ನಿಂತರೆ ದ್ಯೂತನೌಕೆಗಳು ಎದುರಿಗೇ ಕಾಣುವವು. ರಾತ್ರಿಯಾದೊಡನೆ ಅವುಗಳ ಬಣ್ಣಬಣ್ಣದ ದೀಪಗಳು ನೀರಿನಲ್ಲಿ ಮೂಡಿ, ಹೊಳೆಯೇ ಜಾತ್ರೆಯ ಬಯಲಾದಂತೆ ತೋರುವದು.

ನೌಕೆಗಳೆಂದು ಹೆಸರಾದರೂ ಇವು ಬಹುಮಟ್ಟಿಗೆ ಲಂಗರು ಹಾಕಿ ನಿಂತಲ್ಲಿಯೇ ನಿಂತಿರುವವು. ಇದಕ್ಕೆ ಕಾರಣವು ಕಾನೂನಿನಲ್ಲಿದೆ. ಗೋವೆಯ ಜೂಜಿನ ಕಾನೂನು 1976ರದು. ಅದಕ್ಕೆ 1992ರಲ್ಲಾದ ತಿದ್ದುಪಡಿಯಿಂದ ಪಂಚತಾರಾ ಹೊಟೇಲುಗಳಲ್ಲಿ ಜೂಜಿನ ಯಂತ್ರಗಳಿಗೂ, 1996ರ ತಿದ್ದುಪಡಿಯಿಂದ ನೀರಿನ ಮೇಲಿನ ಹಡಗುಗಳಲ್ಲಿ ಮೇಜಿನ ಆಟಗಳಿಗೂ ಅಪ್ಪಣೆ ದೊರೆಯಿತು. 2001ರಲ್ಲಿ ‘ಕ್ಯಾರವೆಲಾ’ ಎಂಬ ಮೊದಲನೆಯ ದ್ಯೂತನೌಕೆಯು ಇಲ್ಲಿಗೆ ಬಂದಿತು. ಮಹಾಸಾಗರದ ದೊಡ್ಡ ಹಡಗುಗಳ ಮಾತು ಬೇರೆ. ಒಂದು ದೇಶದ ಜಲಸೀಮೆಯು ಸಾಮಾನ್ಯವಾಗಿ ದಡದಿಂದ 12 ನಾವಿಕ ಮೈಲುಗಳು. ಅಂದರೆ ಸುಮಾರು 22 ಕಿಲೋಮೀಟರು, ಹೆಚ್ಚುಕಡಿಮೆ ಆಲಮೇಲದಿಂದ ಸಿಂದಗಿಯಷ್ಟು ದೂರ. ಬಂದರಿನಲ್ಲಿರುವಾಗ ಮುಚ್ಚಿರುವ ದ್ಯೂತಶಾಲೆಯನ್ನು ಹಡಗು ಆ ಗೆರೆಯನ್ನು ದಾಟಿದ ಮೇಲೆ ತೆರೆಯುವದು ಅಂಥ ಹಡಗುಗಳ ಸಾಮಾನ್ಯ ಪದ್ಧತಿ.

ಇನ್ನೊಂದು ಸಂಗತಿಯನ್ನು ನಮ್ಮ ವಾಚಕರು ಲಕ್ಷ್ಯದಲ್ಲಿಡಬೇಕು. 2020ರ ಫೆಬ್ರುವರಿ 1ರಿಂದ ಗೋವೆಯ ಸರಕಾರವು ತನ್ನ ಪ್ರಜೆಗಳಿಗೆ ಈ ದ್ಯೂತಶಾಲೆಗಳಲ್ಲಿ ಪ್ರವೇಶವಿಲ್ಲವೆಂದು ವಿಧಿಸಿತು. ಮನೆಯ ಮಕ್ಕಳಿಗೆ ಬೇಡವೆಂದ ಭೋಜನವನ್ನು ನೆರೆಮನೆಯವರಿಗೆ ಬಡಿಸಿದಂತಾಯಿತು. ಆ ಪಂಕ್ತಿಯಲ್ಲಿ ನಮ್ಮವರೂ ಇದ್ದಾರೆ.

ಸಂಜೆ ಚಿಕ್ಕ ದೋಣಿಯಲ್ಲಿ ಕುಳಿತು ನಾವು ಒಂದು ನೌಕೆಯನ್ನು ಸೇರಿದೆವು. ಪ್ರವೇಶದ ಹಣದಲ್ಲಿಯೇ ಊಟವೂ, ಒಂದು ಸಲ ಆಡಬಹುದಾದ ಕೆಲವು ಬಿಲ್ಲೆಗಳೂ ಸೇರಿದ್ದವು. ಒಳಗೆ ಮೆತ್ತನೆಯ ಜಮಖಾನೆ, ಹಗಲಿನಂಥ ಬೆಳಕು, ಸಂಗೀತ. ಗಡಿಯಾರವನ್ನು ಹುಡುಕಿದೆವು, ಕಾಣಲಿಲ್ಲ. ಹೊರಗಿನ ಹೊಳೆಯನ್ನು ನೋಡಲು ಕಿಟಕಿಯನ್ನು ಹುಡುಕಿದೆವು, ಆಟದ ಅಂಗಣದಲ್ಲಿ ಅದೂ ಕಾಣಲಿಲ್ಲ. ಒಂದು ಮೇಜಿನಿಂದ “ತಡಿಯೋ, ಇನ್ನೊಂದು ಸಲ ನೋಡೂಣು” ಎಂಬ ಅಚ್ಚ ವಿಜಯಪುರದ ಮಾತು ಕೇಳಿ ಬಂದಿತು. ಅಲ್ಲಿ ನಡೆದಿದ್ದುದು ನಮ್ಮ ಸೀಮೆಯಲ್ಲಿ ಚಿಕ್ಕವರಿಗೂ ಗೊತ್ತಿರುವ ಅಂದರ್-ಬಾಹರ್ ಆಟವೇ.

ಈ ಆಟದಲ್ಲಿ ಮೋಸವಿದೆಯೆಂದು ಹಲವರು ತಿಳಿಯುತ್ತಾರೆ. ಮೋಸದ ಅಗತ್ಯವೇ ಇಲ್ಲ, ಗಣಿತವೇ ಸಾಕು. ತೆರೆದಿಟ್ಟ ಎಲೆಗೆ ಜೋಡಿಯಾದ ಎಲೆಯು, ಮೊದಲು ಎಲೆ ಹಾಕುವ ಬದಿಯಲ್ಲಿಯೇ ಬೀಳುವ ಸಂಭವವು ನೂರಕ್ಕೆ ಸುಮಾರು 51.5. ಆದುದರಿಂದ ಆ ಬದಿಯಲ್ಲಿ ಗೆದ್ದವನಿಗೆ ನೂರಕ್ಕೆ 90ನ್ನೇ ಕೊಡುವ ಪದ್ಧತಿಯಿದೆ. ತಲಾ 100 ರೂಪಾಯಿಯ ಪಣದಿಂದ 1,000 ಆಟಗಳಾದರೆ, 515 ಗೆಲವುಗಳಿಂದ 46,350 ರೂಪಾಯಿ ಬರುವದು, 485 ಸೋಲುಗಳಿಂದ 48,500 ರೂಪಾಯಿ ಹೋಗುವದು. ಉಳಿದ 2,150 ರೂಪಾಯಿ ಆಡಿಸುವವನ ಪಾಲು. ಇನ್ನೊಂದು ಬದಿಯನ್ನು ಹಿಡಿದವನು 3,000 ರೂಪಾಯಿ ಕಳೆದುಕೊಳ್ಳುವನು. ಎರಡು ಸೊನ್ನೆಗಳುಳ್ಳ ರೂಲೆಟ್ ಚಕ್ರದಲ್ಲಿ ಮನೆಗಳು 38, ಗೆದ್ದ ಅಂಕಕ್ಕೆ ಕೊಡುವದು 35 ಪಾಲು. ಅಲ್ಲಿ ಆಡಿಸುವವನಿಗೆ ನೂರಕ್ಕೆ 5ಕ್ಕೂ ಮಿಗಿಲು ಉಳಿಯುವದು.

ಆಡಿಸುವವನ ಈ ಪಾಲು ಹೊಸದೇನೂ ಅಲ್ಲ. ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ದ್ಯೂತಕ್ಕೆ ಒಂದು ಪ್ರಕರಣವೇ ಇದೆ. ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ತನ್ನ ಮಿತಾಕ್ಷರೆಯಲ್ಲಿ ಅದನ್ನು ವಿವರಿಸಿದ್ದಾನೆ. ಜೂಜಿನ ಕಟ್ಟೆಯ ಒಡೆಯನಿಗೆ ಶಾಸ್ತ್ರದಲ್ಲಿ ‘ಸಭಿಕ’ನೆಂದು ಹೆಸರು. ಪಣದಲ್ಲಿ ನೂರು ಅಥವಾ ಅದಕ್ಕೂ ಹೆಚ್ಚು ಗೆದ್ದವನಿಂದ ಅವನು ನೂರಕ್ಕೆ 5ನ್ನೂ, ಇತರರಿಂದ ನೂರಕ್ಕೆ 10ನ್ನೂ ತೆಗೆದುಕೊಳ್ಳಬಹುದು. ಅರಸನಿಗೆ ಗೊತ್ತುಪಡಿಸಿದ ಪಾಲನ್ನು ಸಲ್ಲಿಸಬೇಕು. ಅರಸನ ಪಾಲು ಇಂದಿಗೂ ಇದೆ. ದ್ಯೂತಶಾಲೆಯಲ್ಲಿ ಬಿಲ್ಲೆಗಳನ್ನು ಕೊಳ್ಳುವ ಹಣದ ಮೇಲೆ 2023ರ ಅಕ್ಟೋಬರ 1ರಿಂದ ನೂರಕ್ಕೆ 28ರಂತೆಯೂ, 2025ರ ಸಪ್ಟೆಂಬರ 22ರಿಂದ ನೂರಕ್ಕೆ 40ರಂತೆಯೂ ತೆರಿಗೆಯನ್ನು ವಿಧಿಸಲಾಗಿದೆ. ಆದರೆ ಹಿಂದಿನ ಸಭಿಕನು ಗೆದ್ದವನ ಗೆಲವಿನಿಂದ ತನ್ನ ಪಾಲನ್ನು ಎಲ್ಲರೆದುರಿಗೆ ಕೇಳಿ ಪಡೆಯುತ್ತಿದ್ದನು. ಇಂದಿನ ಸಭಿಕನ ಪಾಲು ಪ್ರತಿಯೊಂದು ಸುತ್ತಿನೊಳಗೇ ಅಡಗಿರುವದರಿಂದ, ಕೊಡುವವನಿಗೆ ಕೊಟ್ಟ ನೆನಪೂ ಇರುವದಿಲ್ಲ.

ಪುಕ್ಕಟೆ ಯಾನದ ಗುಟ್ಟು ಇರುವದು ಇಲ್ಲಿಯೇ. ಹಡಗಿನವರು ಪ್ರತಿಯೊಬ್ಬ ಆಟಗಾರನಿಗೆ ಒಂದು ಕಾರ್ಡನ್ನು ಕೊಡುತ್ತಾರೆ. ಯಂತ್ರವು ಅವನು ಹಾಕಿದ ಹಣವನ್ನು ಎಣಿಸುತ್ತದೆ. ಮೇಜಿನ ಆಟವಾದರೆ, ಸರಾಸರಿ ಪಣವೆಷ್ಟು, ತಾಸಿಗೆ ಎಷ್ಟು ಸುತ್ತು, ಎಷ್ಟು ತಾಸು ಕುಳಿತನು ಎಂಬದನ್ನು ಬರೆದುಕೊಂಡು, ಅದನ್ನು ಸಭಿಕನ ಶತಾಂಶದಿಂದ ಗುಣಿಸುತ್ತಾರೆ. ಬಂದ ಮೊತ್ತವೇ ಅವನು ಕಳೆದುಕೊಳ್ಳಬೇಕಾದ ಹಣದ ಅಂದಾಜು. ಅವನು ಆ ರಾತ್ರಿ ಗೆದ್ದನೋ ಸೋತನೋ ಎಂಬದು ಮುಖ್ಯವಲ್ಲ. ದೀರ್ಘಕಾಲದಲ್ಲಿ ಅಂದಾಜು ತಪ್ಪುವದಿಲ್ಲವೆಂದು ಅವರಿಗೆ ಗೊತ್ತು. ಆ ಅಂದಾಜಿನ ಒಂದು ಭಾಗವನ್ನು ಕೋಣೆಯ ರೂಪದಲ್ಲಿ ತಿರುಗಿ ಕೊಡುತ್ತಾರೆ. ಎಳ್ಳನ್ನು ಹಿಂಡಿ ಎಣ್ಣೆಯನ್ನು ತೆಗೆದುಕೊಂಡು ಗಾಣದ ಎತ್ತಿಗೆ ಹಿಂಡಿಯನ್ನು ಹಾಕಿದಂತೆ. ಎತ್ತು ನಾಳೆಯೂ ಸುತ್ತಬೇಕಲ್ಲವೆ?

ನಮ್ಮ ವಿದ್ಯಾರ್ಥಿಯು ಆಡುವದಿಲ್ಲವೆಂದು ಬಂದವನು. ಆದರೆ ಪ್ರವೇಶದ ಜೊತೆಗೆ ಬಂದ ಬಿಲ್ಲೆಗಳು ಕೈಯಲ್ಲಿದ್ದವು. “ಹ್ಯಾಂಗೂ ಪುಕ್ಕಟೆ ಬಂದಾವ್ರಿ” ಎಂದು ಮೇಜಿಗೆ ಕುಳಿತನು. ಕಾಲು ತಾಸಿನಲ್ಲಿ ಅವು ಮುಗಿದವು. ಐದು ಸಾವಿರ ರೂಪಾಯಿ ಕೊಟ್ಟು ಬಿಲ್ಲೆ ಕೊಂಡನು. ನಾವು ಊಟ ಮುಗಿಸಿ ಬರುವಷ್ಟರಲ್ಲಿ ಇನ್ನೈದು ಸಾವಿರ ಕೊಂಡಿದ್ದನು. ನಾವು ಏನನ್ನೂ ಹೇಳದೆ ಹಿಂದೆ ನಿಂತೆವು. ಅರ್ಧರಾತ್ರಿ ದಾಟಿದ ಮೇಲೆ ಅವನಾಗಿಯೇ ಎದ್ದನು; ಕೈಯಲ್ಲಿ ಎರಡು ಬಿಲ್ಲೆಗಳು ಉಳಿದಿದ್ದವು.

ಮರುದಿನ ಮುಂಜಾನೆ ಮಾಂಡವಿಯು ಕಡಲನ್ನು ಸೇರುವ ಮಿರಾಮಾರಿನ ಮಳಲ ದಂಡೆಗೆ ಹೋಗಿ ಕುಳಿತೆವು. ಬಹಳ ಹೊತ್ತಿನ ಮೇಲೆ ಅವನು ತಾನೇ ಮಾತು ತೆಗೆದನು. “ಮಾಸ್ತರ್ರ, ಸಿಂಗಾಪುರದಾಗ ಹೋದ ರೊಕ್ಕ ಹೋತು. ಈಗ ಬಂದದ್ದನ್ನ ಯಾಕ ಬಿಡಬೇಕ್ರಿ? ಹೋಗಿ, ಉಂಡು, ಆಡದ ಬಂದ್ರ ಪುಕ್ಕಟೆ ಹೌದೋ ಅಲ್ಲೋ?” ಎಂದು ಕೇಳಿದನು. ಇದು ನ್ಯಾಯವಾದ ಪ್ರಶ್ನೆ. ಹೋಗಿ ಆಡದೆ ಬರಬಲ್ಲವನಿಗೆ ಅದು ಬಹುಮಟ್ಟಿಗೆ ಪುಕ್ಕಟೆಯೇ ಎಂದು ನಾವು ಒಪ್ಪಿಕೊಂಡೆವು. ಅನಂತರ ಅವನ ವಹಿಯನ್ನು ತೆಗೆಯೆಂದೆವು. ಅವನು ವ್ಯಾಪಾರಸ್ಥ, ಖರ್ಚನ್ನು ಬರೆದಿಡುವ ಅಭ್ಯಾಸವನ್ನು ಬಿಟ್ಟವನಲ್ಲ.

ಹಡಗಿನ ಓಲೆಯಲ್ಲಿ ಅವನ ಖಾತೆಗೆ 2,600 ಅಂಕಗಳಿದ್ದವು. ಯಂತ್ರದಲ್ಲಿ 5 ಡಾಲರು ಹಾಕಿದರೆ 1 ಅಂಕ. ಇದು ಅಮೇರಿಕದ ದೊಡ್ಡ ಹಡಗಿನವರಲ್ಲಿಯೂ ರೂಢಿಯಲ್ಲಿರುವ ಎಣಿಕೆ. ಅಂದಮೇಲೆ ಅವನು ಒಟ್ಟು 13,000 ಡಾಲರು ಹಾಕಿದಂತಾಯಿತು. “ಅಷ್ಟು ನನ್ನ ಹಂತೇಕ ಇರಲೇ ಇಲ್ಲರಿ” ಎಂದು ಅವನು ಬೆರಗಾದನು. ಇರಬೇಕಾಗಿಲ್ಲ. ಹಾಕಿದ 100ರಲ್ಲಿ 92 ಮರಳಿ ಬಂದರೆ ಆಟಗಾರನು ಆ 92ನ್ನೂ ಹಾಕುತ್ತಾನೆ. ಅದರಲ್ಲಿ ಬಂದುದನ್ನು ಮತ್ತೆ ಹಾಕುತ್ತಾನೆ. ಹೀಗೆ 100 ಡಾಲರು ಪೂರ್ತಿ ಕರಗುವದರೊಳಗೆ 1,250 ಡಾಲರಿನ ಆಟವಾಗುತ್ತದೆ. ನೂರಕ್ಕೆ 8 ಹೋಗುವದೆಂದು ಹಿಡಿದರೆ 13,000ಕ್ಕೆ 1,040 ಡಾಲರಿನ ನಷ್ಟ. ವಹಿಯಲ್ಲಿ ಅವನು ಬರೆದಿದ್ದುದು 1,100. ಡಾಲರಿಗೆ 90 ರೂಪಾಯಿಯಂತೆ 99,000 ರೂಪಾಯಿ. 2025ರ ನವಂಬರದಲ್ಲಿ ಕಬ್ಬು ಬೆಳೆಗಾರರು ಬೀದಿಗಿಳಿದು ಹೋರಾಡಿದ ಮೇಲೆ ದರದ ಮಾತು ಟನ್ನಿಗೆ 3,300 ರೂಪಾಯಿಗೆ ನಿಂತಿತಷ್ಟೆ. ಆ ದರದಲ್ಲಿ ಇದು 30 ಟನ್ನು ಕಬ್ಬಿನ ಬೆಲೆ.

ಇದರ ಪ್ರತಿಯಾಗಿ ಬಂದುದೇನು? ಅದೇ ಯಾನದ ಒಳಕೋಣೆಯ ಟಿಕೀಟು ಇಬ್ಬರಿಗೆ ಸುಮಾರು 600 ಡಾಲರಿಗೆ ಮಾರಾಟಕ್ಕಿರುವದನ್ನು ಅವನೇ ಫೋನಿನಲ್ಲಿ ತೆಗೆದು ತೋರಿಸಿದನು. ಉಚಿತವೆಂದುದರಲ್ಲಿ ಬಂದರಿನ ತೆರಿಗೆಗಳೂ ಸೇವಕರ ಭಕ್ಷೀಸೂ ಸೇರಿರಲಿಲ್ಲ. ಸಿಂಗಾಪುರದ ವರೆಗಿನ ವಿಮಾನದ ವೆಚ್ಚವು ನಮ್ಮದೇ. ಇನ್ನೊಂದನ್ನು ಓಲೆಯ ಕೊನೆಯ ಸಾಲುಗಳಲ್ಲಿ ಓದಿದೆವು: ಆ ಒಳಕೋಣೆಗೆ ಕಿಟಕಿಯಿಲ್ಲ. ಸಮುದ್ರವನ್ನು ನೋಡಬೇಕಾದರೆ ಕೋಣೆಯಿಂದ ಹೊರಗೆ ಬರಬೇಕು.

ಆಗ ನಾವು ಅವನಿಗೆ ಸಭಾಪರ್ವದ ಕಥೆಯನ್ನು ನೆನಪಿಸಿದೆವು. ಯುಧಿಷ್ಠಿರನು ಜೂಜಿನಲ್ಲಿ ಎಲ್ಲವನ್ನೂ ಸೋತನೆಂಬದು ಎಲ್ಲರಿಗೂ ಗೊತ್ತು. ಸೋತುದೆಲ್ಲವನ್ನೂ ಧೃತರಾಷ್ಟ್ರನು ತಿರುಗಿ ಕೊಟ್ಟು ಕಳಿಸಿದನೆಂಬದನ್ನು ಹಲವರು ಮರೆಯುತ್ತಾರೆ. ಪಾಂಡವರು ಇಂದ್ರಪ್ರಸ್ಥದ ದಾರಿಯಲ್ಲಿದ್ದಾಗ ಎರಡನೆಯ ಕರೆ ಬಂದಿತು. ಅದಕ್ಕೆ ಅನುದ್ಯೂತವೆಂದು ಹೆಸರು. ಧರ್ಮರಾಜನು ಅಜ್ಞಾನದಿಂದ ಹೋಗಲಿಲ್ಲ. ಇದರ ಫಲವೇನೆಂಬದನ್ನು ಬಲ್ಲವನಾಗಿಯೇ ಹೋದನು. ಹನ್ನೆರಡು ವರ್ಷಗಳ ವನವಾಸವೂ ಒಂದು ವರ್ಷದ ಅಜ್ಞಾತವಾಸವೂ ಬಂದುದು ಮೊದಲನೆಯ ಆಟದಿಂದಲ್ಲ, ಈ ಎರಡನೆಯ ಕರೆಯಿಂದ. “ತಮ್ಮಾ, ನಿನ್ನೆ ರಾತ್ರಿ ನೀನು ಆಡುವದಿಲ್ಲವೆಂದು ಬಂದಿದ್ದೆ. ನಿನ್ನನ್ನು ಮೇಜಿಗೆ ಕೂಡಿಸಿದವು ಪುಕ್ಕಟೆ ಬಂದ ನಾಲ್ಕು ಬಿಲ್ಲೆಗಳು. ಮೂರು ರಾತ್ರಿ ಕಿಟಕಿಯಿಲ್ಲದ ಕೋಣೆಯಲ್ಲಿ ಏನು ಮಾಡುತ್ತೀ ಎಂಬದನ್ನು ನೀನೇ ಹೇಳು” ಎಂದೆವು. ಅವನು ಉತ್ತರ ಕೊಡಲಿಲ್ಲ. ಕಡಲನ್ನು ನೋಡುತ್ತ ಕುಳಿತನು. ಅಲ್ಲಿ ಕುಳಿತು ನೋಡುವದಕ್ಕೆ ಯಾರೂ ಹಣ ಕೇಳಲಿಲ್ಲ.

ಊರಿಗೆ ಬಂದ ಮೇಲೆ ಅವನು ಆ ವಹಿಯನ್ನು ಹೆಂಡತಿಯ ಮುಂದೆ ಇಟ್ಟನಂತೆ. ಅವಳು ಮೊತ್ತವನ್ನು ಎರಡು ಸಲ ನೋಡಿ, “ಇಷ್ಟರಾಗ ಟಿಕೀಟ ತಗೊಂಡ ಹೋಗಿ ಬರಬಹುದಿತ್ತಲ್ರಿ, ಹುಡುಗರೂ ನೋಡ್ತಿದ್ದವು” ಎಂದಳಂತೆ. ಓಲೆಯ ತಾರೀಖು ಕಳೆದುಹೋಯಿತು. ಗಲ್ಲೆಯ ಹಣವು ಕಂಪನಿಗೆ ಸಂದಿತು. ಆದರೆ ವಿಷಯವು ಅಲ್ಲಿಗೇ ಮುಗಿದಿಲ್ಲ. ಈಚೆಗೆ ಇನ್ನೊಂದು ಓಲೆ ಬಂದಿದೆ. ಈ ಸಲದ ಕೋಣೆಗೆ ಕಿಟಕಿಯಿದೆ. ಅದನ್ನು ಅವನು ಅಳಿಸಿ ಹಾಕಿಲ್ಲ, ಉತ್ತರವನ್ನೂ ಬರೆದಿಲ್ಲ.

ಇಂಥ ಕರೆಯು ಯಾರ ಮನೆಗೆ ಬಂದರೂ ಗೃಹಸ್ಥರು ಮೂರು ಸಂಗತಿಗಳನ್ನು ವಿಚಾರಿಸಬೇಕೆಂದು ನಮ್ಮ ಸೂಚನೆ. ಮೊದಲನೆಯದಾಗಿ, ಅದೇ ಯಾನದ ಟಿಕೀಟನ್ನು ಕೊಂಡರೆ ಎಷ್ಟಾಗುವದೆಂದು ಕೇಳಿ, ಆಟದಲ್ಲಿ ಈವರೆಗೆ ಹೋದ ಹಣದ ಪಕ್ಕದಲ್ಲಿ ಬರೆಯಬೇಕು. ಎರಡನೆಯದಾಗಿ, ಉಚಿತವೆಂಬುದರ ಹೊರಗೆ ಉಳಿದ ತೆರಿಗೆ, ಭಕ್ಷೀಸು, ದಾರಿಯ ವೆಚ್ಚಗಳನ್ನು ಕೂಡಿಸಬೇಕು. ಮೂರನೆಯದಾಗಿ, ಓಲೆಯಲ್ಲಿಯ ತಾರೀಖಿಗೆ ಮನೆಯಲ್ಲಿ ಯಾರ ಹಣವು ಕೂಡಿರುವದೆಂಬದನ್ನು ನೋಡಬೇಕು. ಈ ಮೂರನ್ನೂ ಹೆಂಡತಿ ಗಂಡಂದಿರು ಒಟ್ಟಿಗೆ ಕುಳಿತು ಒಂದೇ ಹಾಳೆಯ ಮೇಲೆ ಬರೆದರೆ ಅರ್ಧ ತಾಸಿನ ಕೆಲಸ. ಆ ಮೇಲೆ ಹೋಗುವದೂ ಬಿಡುವದೂ ಅವರವರ ಇಚ್ಛೆಗೆ ಬಿಟ್ಟದ್ದು.